ರಸ್ತೆಗೆ ಕಟ್ಟಿದ ಉಡದಾರ

ಒಂದು ಮಧ್ಯಾಹ್ನ ನಾನು ಸೊಂಟಕ್ಕೆ ಹಿತ್ತಾಳೆ ಕೊಡಪಾನ ಏರಿಸಿಕೊಂಡು, ನಮ್ಮ ಗಲ್ಲಿಯ ತುದಿಯ ಟ್ರಾಫಿಕ್ ಸಿಗ್ನಲ್ಲಿನ ಎದುರು, ನಡುರಸ್ತೆಯಲ್ಲಿ ನಿಂತಿದ್ದೆ. ನೀರಿಗೆ ಹೋಗಿರಲಿಲ್ಲ. ನಾನೊಂದು ಕಾರು ಎಂದು ಆ ಸಿಗ್ನಲ್ಲನ್ನು ನಂಬಿಸುವುದಕ್ಕೆ ಹೋಗಿದ್ದೆ. ಇದು ನಿಮ್ಮಪ್ಪನಿಗೂ ಗೊತ್ತಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ. ಮೇಘಾ, ನೀನು ಓದಿ ನಗಬಹುದು. ಚಿನ್ನೂ, ನೀನು ಅಜ್ಜಿಯ ಈ ಗುಟ್ಟನ್ನು ನಿನ್ನ ಗೆಳೆಯರಿಗೆ ಹೇಳಕೂಡದು.

ಸಿಗ್ನಲ್ಲು ನಂಬಲಿಲ್ಲ. ದೊಡ್ಡ ರಸ್ತೆಗೆ ಹಸಿರು, ನಮ್ಮ ಗಲ್ಲಿಗೆ ಕೆಂಪು, ಇದ್ದದ್ದು ಇದ್ದಂತೆಯೇ ಇತ್ತು. ಕಲ್ಲಂಗಡಿ ಗಾಡಿಯ ಯಾದಗಿರಿ ಮಾತ್ರ ನನ್ನನ್ನು ನೋಡಿ ಗಾಬರಿಯಾದ. "ಏಂದಮ್ಮಾ, ಇಂಟ್ಲ ನೀಳ್ಳು ವಸ್ತಲೇವಾ?" ಎಂದು ತೆಲುಗಿನಲ್ಲಿ ಕೇಳಿದ. ಮನೆಯಲ್ಲಿ ನೀರು ಬರುತ್ತಿಲ್ಲವೇ ಅಂತ. ಹೂಂ ಎಂದುಬಿಟ್ಟೆ. ಇನ್ನೇನು ಹೇಳಲಿ? ಆ ಪುಣ್ಯಾತ್ಮ ಸಂಜೆಗೆ ಎರಡು ಬಿಂದಿಗೆ ನೀರು ಹೊತ್ತು ತಂದು ನಮ್ಮ ಗೇಟಿನ ಬಳಿ ಇಟ್ಟು ಹೋದ. ಸುಳ್ಳಿಗೆ ಸಿಕ್ಕ ನೀರನ್ನು ಕುಡಿಯಲು ಮನಸ್ಸಾಗದೆ ಕರಿಬೇವಿನ ಗಿಡಕ್ಕೆ ಹಾಕಿದೆ. ಗಿಡಕ್ಕೆ ಸತ್ಯ ಸುಳ್ಳಿನ ಗೊಡವೆ ಇಲ್ಲ, ಚಿಗುರಿತು.

ನಮ್ಮ ಮಲ್ಕಾಜ್‌ಗಿರಿಯ ಗಲ್ಲಿ ದೊಡ್ಡ ರಸ್ತೆಗೆ ಸೇರುವ ಕಡೆ ಮೊದಲು ಸಿಗ್ನಲ್ಲೇ ಇರಲಿಲ್ಲ. ಧೈರ್ಯ ಇದ್ದವರು ನುಗ್ಗುತ್ತಿದ್ದರು, ಇಲ್ಲದವರು ನಿಲ್ಲುತ್ತಿದ್ದರು. ನಾನು ಯಾವ ಗುಂಪಿನವಳೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದೆ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಒಂದು ದಿನವೂ ಕೈ ಎತ್ತಿದವಳಲ್ಲ. ಈಗಲೂ ಕಿರಾಣಿ ಅಂಗಡಿಯಲ್ಲಿ ನನ್ನ ನಂತರ ಬಂದ ಮೂವರು ಸಾಮಾನು ಕಟ್ಟಿಸಿಕೊಂಡು ಹೋದ ಮೇಲೆಯೇ ಅಂಗಡಿಯವನಿಗೆ ನಾನು ಕಾಣುವುದು. ಹಾಗಾಗಿ ಸಿಗ್ನಲ್ ಹಾಕುತ್ತಾರೆ, ಅದು ಹೊಸ ಬಗೆಯದು, ಗಲ್ಲಿಯಲ್ಲಿ ಯಾರಾದರೂ ಕಾಯುತ್ತಿದ್ದರೆ ತಾನೇ ತಿಳಿದುಕೊಂಡು ಹಸಿರು ಕೊಡುತ್ತದೆ ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬಾಯಿಬಿಟ್ಟು ಕೇಳದೆ ಕೊಡುವವರು ಮನುಷ್ಯರಲ್ಲಿಯೇ ಕಡಿಮೆ. ಕಂಬವೊಂದು ಕೊಡುತ್ತದೆ ಎಂದರೆ!

ಅದನ್ನು ಹಾಕುವ ಕೆಲಸಕ್ಕೆ, ಕೆಲವು ವರ್ಷಗಳಿಂದ ಈ ಊರಿನಲ್ಲೇ ರಸ್ತೆ ಕೆಲಸ ಮಾಡಿಕೊಂಡಿದ್ದ ಲಿಂಗಸುಗೂರು ಕಡೆಯ ಒಂದು ತಂಡ ಬಂತು. ಗಲ್ಲಿಯ ಆಚೆ ಖಾಲಿ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಬಿಸಿಲು ನೋಡಲಾರದೆ ಮಜ್ಜಿಗೆ ತೆಗೆದುಕೊಂಡು ಹೋದೆ. ರಸ್ತೆಯ ಮೇಲೆ, ನಿಲ್ಲುವ ಬಿಳಿ ಗೆರೆಯ ಹಿಂದೆಯೇ, ಯಂತ್ರದ ಗರಗಸದಿಂದ ಡಾಂಬರನ್ನು ಚೌಕಾಕಾರವಾಗಿ ಕೊಯ್ದಿದ್ದರು, ಬೆರಳು ಇಳಿಯದಷ್ಟು ಸಪೂರವಾಗಿ. ಮೂಲೆಗಳನ್ನು ಮಾತ್ರ ಓರೆಯಾಗಿ ಕೊಯ್ದಿದ್ದರು, ಬಾಗುವ ಕಡೆ ತಂತಿ ಚೂಪಾಗಿ ಮುರಿಯಬಾರದೆಂದು. ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ಆ ಸೀಳಿನೊಳಗೆ ಕಪ್ಪು ತಂತಿಯನ್ನು ಒತ್ತಿ ಒತ್ತಿ ಇಳಿಸುತ್ತಿದ್ದಳು. ಒಂದು ಸುತ್ತು, ಎರಡು ಸುತ್ತು, ಮೂರು, ನಾಲ್ಕು. ಕನ್ನಡ ಕಿವಿಗೆ ಬಿದ್ದದ್ದರಿಂದ ನನಗೂ ಬಾಯಿ ಬಂತು. ಏನು ಮಾಡುತ್ತಿದ್ದೀ ಎಂದು ಕೇಳಿದೆ.

"ರೋಡಿಗಿ ಉಡದಾರ ಕಟ್ಟಾಕತ್ತೀವ್ರಿ ಅಮ್ಮಾರೆ," ಎಂದಳು ತಲೆ ಎತ್ತದೆ.

ಅವಳೇ ಬಸಮ್ಮ. ಉಡದಾರ ಎಂದದ್ದು ಎಷ್ಟು ಸರಿ ಎಂದರೆ, ನಾನು ಈಗಲೂ ಅದಕ್ಕೆ ಬೇರೆ ಹೆಸರು ಬಳಸುವುದಿಲ್ಲ. ಕಪ್ಪು ದಾರ, ಸೊಂಟದ ಸುತ್ತ, ಮೇಲೆ ಬಟ್ಟೆ ಬಿದ್ದರೆ ಕಾಣುವುದೂ ಇಲ್ಲ. ಅವರೂ ಮೇಲೆ ಕರಿ ಅಂಟು ಸುರಿದು ಮುಚ್ಚಿಬಿಟ್ಟರು. ದಾರದ ಎರಡು ತುದಿಗಳು ಮಾತ್ರ ಫುಟ್‌ಪಾತಿನ ಕೆಳಗಿಂದ ಹಾದು ಒಂದು ಬೂದು ಬಣ್ಣದ ಪೆಟ್ಟಿಗೆಯೊಳಗೆ ಸೇರಿದವು.

"ಇದರಾಗ ಸಣ್ಣಂದು ಕರೆಂಟ ಓಡಾಡತೈತ್ರಿ," ಎಂದು ಬಸಮ್ಮ ಮಜ್ಜಿಗೆ ಕುಡಿಯುತ್ತ ವಿವರಿಸಿದಳು. "ಮ್ಯಾಲ ಕಾರ್ ಬಂದು ನಿಂತ್ರ ಆ ಡಬ್ಬಿಗಿ ಸುದ್ದಿ ಮುಟ್ಟತೈತಿ. ಭಾರ ಅಲ್ರಿ ಮತ್ತ, ಲೋಹ. ನನ್ನಂಥಾಕಿ ನೂರು ಮಂದಿ ಬಂದು ಕುಣಿದ್ರೂ ಅದಕ್ಕ ಗೊತ್ತಾಗಂಗಿಲ್ಲ."

"ನಿನಗ ಯಾರು ಹೇಳಿದ್ರವ್ವ?"

"ಇಂಜಿನೇರ ಸಾಹೇಬ್ರು ಮಿಸ್ತ್ರಿಗೆ ತೆಲುಗಿನ್ಯಾಗ ಹೇಳತಿದ್ರು. ನನಗ ಹೇಳಲಿಲ್ಲ ಬಿಡ್ರಿ. ಕೈಯಾಗ ಗುದ್ದಲಿ ಹಿಡಿದ್ರ ಕಿವಿ ಮುಚ್ಚತಾವೇನು?"

ನನಗೆ ಅರ್ಥವಾದ ಬಗೆ ಇದು. ತಂತಿಯಲ್ಲಿ ವಿದ್ಯುತ್ತು ಓಡಾಡುವಾಗ ಅದರ ಸುತ್ತ ಕಣ್ಣಿಗೆ ಕಾಣದ ಒಂದು ಗುನುಗು ಇರುತ್ತದೆ, ತಂಬೂರಿಯ ಶ್ರುತಿಯ ಹಾಗೆ. ಕಾರಿನ ಲೋಹದ ಹೊಟ್ಟೆ ಮೇಲೆ ಬಂದು ನಿಂತಾಗ ಆ ಶ್ರುತಿ ಕೂದಲೆಳೆಯಷ್ಟು ಏರುತ್ತದೆ. ಪೆಟ್ಟಿಗೆಯ ಕೆಲಸ ಇಡೀ ದಿನ ಆ ಶ್ರುತಿಯನ್ನು ಕೇಳುತ್ತ ಕೂರುವುದು. ಏರಿತೋ, ಯಾರೋ ಬಂದಿದ್ದಾರೆ ಎಂದು ತಿಳಿಯಿತು. ನಾನು ಹೊಸ ಸೊಸೆಯಾಗಿದ್ದಾಗ ಒಲೆಯ ಮುಂದೆ ಕೂತಿರುವಾಗ ಅತ್ತೆ ಬಂದು ಹಿಂದೆ ನಿಂತರೆ ಹೀಗೆಯೇ ಗೊತ್ತಾಗುತ್ತಿತ್ತು. ಹೆಜ್ಜೆಯ ಸದ್ದಿಲ್ಲ, ಬಳೆಯ ಸದ್ದಿಲ್ಲ, ಆದರೂ ಅಡುಗೆಮನೆಯ ಶ್ರುತಿ ಬದಲಾಗುತ್ತಿತ್ತು. ರೊಟ್ಟಿ ಸುಟ್ಟುಹೋಗುತ್ತಿತ್ತು, ಅದು ಬೇರೆ ಮಾತು.

ಲೋಹ ಎಂದು ಬಸಮ್ಮ ಹೇಳಿದ್ದರಿಂದಲೇ ನಾನು ಕೊಡಪಾನ ಹೊತ್ತದ್ದು. ಸೊಂಟದೆತ್ತರದಲ್ಲಿ ಒಂದು ಹಿತ್ತಾಳೆ ಪಾತ್ರೆ ಆ ಗುನುಗಿಗೆ ಸೊಳ್ಳೆಯ ಸಮವೂ ಅಲ್ಲವೆಂದು ಆಮೇಲೆ ತಿಳಿಯಿತು. ಆದರೆ ನಮ್ಮ ಗಲ್ಲಿಯವರು ನನಗಿಂತ ದೊಡ್ಡ ವಿಜ್ಞಾನಿಗಳು. ಅವರೆಲ್ಲ ಭಾರದ ಪಕ್ಷ. "ಇದಿ ಬರುವು ಸೂಸಿ ಪಚ್ಚ ಲೈಟ್ ಇಸ್ತದಮ್ಮಾ," ಭಾರ ನೋಡಿ ಹಸಿರು ಕೊಡುತ್ತದೆ ಎಂದು ಯಾದಗಿರಿಯ ಖಚಿತ ಅಭಿಪ್ರಾಯ. ತನ್ನ ಮರದ ಗಾಡಿಯ ತುಂಬ ಕಲ್ಲಂಗಡಿ ಹೇರಿಕೊಂಡು ಚೌಕದ ಮೇಲೆ ಗಂಭೀರವಾಗಿ ನಿಲ್ಲುತ್ತಿದ್ದ. ಮರಕ್ಕೂ ಕಲ್ಲಂಗಡಿಗೂ ಆ ತಂತಿ ಎಲ್ಲಿ ಸೊಪ್ಪು ಹಾಕೀತು? ಹಣ್ಣು ಕಡಿಮೆಯಾಯಿತೆಂದು ಮರುದಿನ ಇನ್ನಷ್ಟು ಹೇರುತ್ತಿದ್ದ. ಎದುರು ಮನೆಯ ನಿವೃತ್ತ ಗಾರ್ಡ್ ಒಬ್ಬರು ಸ್ಕೂಟರನ್ನು ಚೌಕದ ನಟ್ಟನಡುವೆ ನಿಲ್ಲಿಸಿ ಸೀಟಿನ ಮೇಲೆ ಕುಪ್ಪಳಿಸುತ್ತಿದ್ದರು. ಬಸಮ್ಮನ ಶಾಸ್ತ್ರದ ಪ್ರಕಾರ ಸ್ಕೂಟರಿನವರು ನಡುವೆ ನಿಲ್ಲಬಾರದು. ತಂತಿ ಇರುವ ಅಂಚಿನ ಮೇಲೆಯೇ ಗಾಲಿ ಇಡಬೇಕು, ಆಗ ಒಂದಿಷ್ಟು ಲೋಹವೂ ತಂತಿಗೆ ಹತ್ತಿರವಾಗುತ್ತದೆ. ಇದನ್ನು ಗಾರ್ಡ್ ಸಾಹೇಬರಿಗೆ ಹೇಳಬೇಕೆಂದು ಎರಡು ತಿಂಗಳು ಯೋಚಿಸಿದೆ. ಹೇಳಲಿಲ್ಲ.

ಕಾಯುವವರನ್ನು ತಂತಿಯಿಂದ ತಿಳಿಯುವ ವಿದ್ಯೆ ನನಗೆ ಪೂರಾ ಹೊಸದೇನಲ್ಲ. ನಿಮ್ಮಜ್ಜ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದವರು. ಮದುವೆಯಾದ ಹೊಸತರಲ್ಲಿ ಅವರು ನನಗೆ ತೋರಿಸಿದ ಮೊದಲ ವಿನೋದ ಸಿನಿಮಾ ಅಲ್ಲ, ನೆಲದ ಮೇಲೆ ಕೀಲು ಬಿಚ್ಚಿ ಬೇರೆ ಮಾಡಿದ ಇಕ್ಕಳದ ಎರಡು ಉದ್ದ ಕಾಲುಗಳು, ಒಂದು ಟಾರ್ಚಿನ ಸೆಲ್ಲು, ಒಂದು ಪುಟ್ಟ ಬಲ್ಬು. ಎರಡು ಕಾಲುಗಳೆಂದರೆ ಎರಡು ಹಳಿ. ಹಳಿಗಳಲ್ಲಿ ಸಣ್ಣ ವಿದ್ಯುತ್ತು ಹರಿದು ಆಚೆ ತುದಿಯ ದೀಪ ಹತ್ತಿತ್ತು. ನನ್ನ ಹಿತ್ತಾಳೆ ಲಟ್ಟಣಿಗೆಯನ್ನು ಎತ್ತಿ ಎರಡರ ಮೇಲೂ ಅಡ್ಡ ಇಟ್ಟರು. ದೀಪ ಆರಿತು. "ನೋಡು, ರೈಲು ಬಂತು," ಎಂದರು. ರೈಲಿನ ಗಾಲಿ ಅಚ್ಚು ಎರಡು ಹಳಿಗಳನ್ನು ಕೂಡಿಸಿದರೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ಹಿಂದಿನವರಿಗೆ ಕೆಂಪು ಬೀಳುತ್ತದೆ. ಹಳಿಯೇ ಮುರಿದರೂ ಕೆಂಪು, ಸೆಲ್ಲು ಸತ್ತರೂ ಕೆಂಪು. ತಪ್ಪಿದರೂ ಕಾಯುವ ಕಡೆಗೇ ತಪ್ಪಬೇಕು ಎಂಬುದು ಅವರ ಇಲಾಖೆಯ ಧರ್ಮ. ಆ ಸಂಜೆ ಚಪಾತಿ ತಡವಾಯಿತು.

ಆ ಧರ್ಮ ಮನೆಗೂ ಬಂತು. ಕೆಂಪು ದಾಟಿದ ಡ್ರೈವರನ ಗತಿ ಏನಾಗುತ್ತದೆ ಎಂಬ ಕಥೆಗಳನ್ನು ಕೇಳುತ್ತಲೇ ನಿಮ್ಮಪ್ಪ ಬೆಳೆದ. ಅವನಿಗೆ ಕಾರು ಕಲಿಸಿದ್ದೂ ನಿಮ್ಮಜ್ಜನೇ. "ಕೆಂಪು ಕಂಡ್ರ ಗೆರಿಗೆ ಮೂಗು ತಾಗಿಸಬ್ಯಾಡ. ದೂರ ನಿಲ್ಲು. ಅರ್ಧ ಬೋಗಿ ಜಾಗ ಬಿಡು," ಎಂದು ಪಾಠ. ಊರಿನ ಉಳಿದ ಕಾರುಗಳು ಗೆರೆಯ ಮೇಲೆ ಏರಿ ನಿಂತಿದ್ದರೆ ನಮ್ಮದು ಮದುವೆಮನೆಗೆ ಕರೆಯದೆ ಬಂದವರ ಹಾಗೆ ಹಿಂದೆ ನಿಂತಿರುತ್ತದೆ. ಆ ಜಾಗದಲ್ಲಿ ಸದಾ ಎರಡು ಆಟೋಗಳು ಬಂದು ತುಂಬಿಕೊಳ್ಳುತ್ತವೆ. ಅವೇ ನಮ್ಮ ಪರವಾಗಿ ತಂತಿಯ ಮೇಲೆ ನಿಲ್ಲುತ್ತಿದ್ದವು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಇನ್ನು ರೇಣುಕಾಳ ವಿಷಯಕ್ಕೆ ಬರುತ್ತೇನೆ. ಬಸಮ್ಮನ ಮಗಳು. ನೀವು ಬೇಸಿಗೆ ರಜೆಗೆ ನಿಮ್ಮ ತಾಯಿಯ ತವರಿಗೆ ಹೋಗಿದ್ದಾಗ ನಿಮ್ಮ ಓದುವ ಮೇಜು ಅವಳದಾಗಿತ್ತು. ತಗಡಿನ ಶೆಡ್ಡು ಮಧ್ಯಾಹ್ನ ಕಾದ ಹೆಂಚಾಗುತ್ತಿತ್ತು, ಹುಡುಗಿ ಪುಸ್ತಕ ಹಿಡಿದು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು, ನಾನೇ ಒಳಗೆ ಕರೆದೆ. ಇಲ್ಲಿಯ ಸರಕಾರಿ ಶಾಲೆಯಲ್ಲಿ ಹತ್ತನೆಯದು ಮುಗಿಸಿ ಪಾಲಿಟೆಕ್ನಿಕ್ಕಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಸೀಟು ಸಿಕ್ಕರೆ ಹಾಸ್ಟೆಲು. ಸಿಗದಿದ್ದರೆ ಅವಳಿಗೂ ಒಂದು ಗುದ್ದಲಿ, ಏಕೆಂದರೆ ಸೀಟು ಹಂಚುವ ಹೊತ್ತಿಗೆ ತಂಡ ನಾಂದೇಡದ ರಸ್ತೆ ಕೆಲಸಕ್ಕೆ ಹೊರಡುವುದಿತ್ತು, ಹದಿನಾರರ ಹುಡುಗಿಯನ್ನು ಒಬ್ಬಳೇ ಇಲ್ಲಿ ಬಿಟ್ಟು ಹೋಗಲು ಬಸಮ್ಮನಿಗೆ ಜಾಗವಿರಲಿಲ್ಲ. ಮುಂದಿನ ವರ್ಷ ನೋಡೋಣ ಎಂದು ಹೇಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ.

ಪರೀಕ್ಷೆ ಒಂದು ಭಾನುವಾರ ಬೆಳಗ್ಗೆ, ನಾರಾಯಣಗೂಡದ ಕಾಲೇಜೊಂದರಲ್ಲಿ. ಇಲ್ಲಿಯ ಪರೀಕ್ಷೆಗಳ ನಿಯಮ ನಿಮಗೆ ಗೊತ್ತು. ಒಂದು ನಿಮಿಷ ತಡವಾದರೂ ಗೇಟು ತೆರೆಯುವುದಿಲ್ಲ. ನಿಮ್ಮಪ್ಪ ತಾನೇ ಕಾರಿನಲ್ಲಿ ಬಿಡುತ್ತೇನೆ ಎಂದ. ಬೇಗನೆ ಹೊರಡಬಹುದಿತ್ತು. ಖಾಲಿ ಹೊಟ್ಟೆಯಲ್ಲಿ ತಲೆ ಓಡದು ಎಂದು ನಾನು ಉಪ್ಪಿಟ್ಟು ತಿನ್ನಿಸಿ, ಸಾಲದೆಂದು ಮೊಸರು ಸಕ್ಕರೆ ಕಲಸಿ, ಅದು ಹುಳಿಯಾಯಿತೆಂದು ಬೇರೆ ಮೊಸರು ತೆಗೆದು, ಇಪ್ಪತ್ತು ನಿಮಿಷ ತಿಂದುಹಾಕಿದೆ. ತಡವಾದದ್ದು ಯಾರಿಂದ ಎಂದು ಆಮೇಲೆ ಯಾರೂ ಕೇಳಲಿಲ್ಲ. ಅದು ಅವರ ದೊಡ್ಡತನ.

ಭಾನುವಾರವಾದ್ದರಿಂದ ಗಲ್ಲಿ ಬಣಬಣ. ಸಿಗ್ನಲ್ಲಿನಲ್ಲಿ ಕೆಂಪು. ನಿಮ್ಮಪ್ಪ ಅರ್ಧ ಬೋಗಿ ಜಾಗ ಬಿಟ್ಟು ನಿಲ್ಲಿಸಿದ. ಮುಂದಿನ ಸೀಟಿನಲ್ಲಿ ರೇಣುಕಾ, ಹಿಂದೆ ನಾನು, ಬಸಮ್ಮ. ತುಂಬಿಕೊಳ್ಳಲು ಒಂದು ಆಟೋವೂ ಇರಲಿಲ್ಲ. ದೊಡ್ಡ ರಸ್ತೆಯ ಹಸಿರು ಹಾಗೆಯೇ ಇತ್ತು. ಒಂದು ನಿಮಿಷವಾಯಿತು, ಎರಡಾಯಿತು. ಬೈಕಿನವನೊಬ್ಬ ಪಕ್ಕದಿಂದ ನುಗ್ಗಿ ಕೆಂಪು ದಾಟಿ ಹೋದ. ನಿಮ್ಮಪ್ಪ ಅವನನ್ನು ನೋಡಿ ತಲೆಯಲ್ಲಾಡಿಸಿದ.

"ಬರ್ತದ ತಡಿರಿ. ಎಲ್ಲಾ ದಿನ ಬರ್ತದಲ್ಲ," ಎಂದ.

ರೇಣುಕಾ ಗಡಿಯಾರ ನೋಡಲಿಲ್ಲ, ಹಾಲ್ ಟಿಕೆಟ್ಟಿನ ನಂಬರನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಬಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆ ನೋಡಿದಳು, ಒಳಗೆ ತೆಗೆದಳು, ಮತ್ತೆ ಹಾಕಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಅಮ್ಮಾರೆ, ಗಾಡಿ ಉಡದಾರದ ಮ್ಯಾಲ ಇಲ್ರಿ. ಭಾಳ ಹಿಂದ ಐತಿ. ಇಲ್ಲಿ ಸಂಜಿತನಕ ನಿಂತ್ರೂ ಅದಕ್ಕ ಕಾಣಂಗಿಲ್ಲ. ಸಾಹೇಬ್ರಿಗಿ ನಾ ಹ್ಯಾಂಗ ಹೇಳಲಿ?"

ನಾನು ಹೇಳಬಹುದಿತ್ತು. ಹೆತ್ತ ಮಗ, ಹೆದರಿಕೆ ಏನು? ಆದರೆ ಆ ಅರ್ಧ ಬೋಗಿ ಜಾಗ ನಿಮ್ಮಜ್ಜನದು. ಅವರು ಹೋದ ಮೇಲೆ ಮನೆಯಲ್ಲಿ ಅವರು ಇಟ್ಟದ್ದು ಇಟ್ಟ ಹಾಗೇ ಉಳಿದಿರುವುದು ಅದೊಂದೇ ಎಂದು ನನಗೆ ಅನ್ನಿಸಿತ್ತು. ಗಡಿಯಾರ ಬದಲಾಯಿತು, ಕುರ್ಚಿ ಬದಲಾಯಿತು, ಆ ಖಾಲಿ ಜಾಗ ಮಾತ್ರ ಪ್ರತಿ ಸಿಗ್ನಲ್ಲಿನಲ್ಲಿಯೂ ನಮ್ಮ ಮುಂದೆ ಇರುತ್ತಿತ್ತು. ಅದನ್ನು ತುಂಬು ಎಂದು ನಾನು ಹೇಗೆ ಹೇಳಲಿ? ಇನ್ನೊಂದು ನಿಮಿಷ ಹೋಯಿತು.

ಬಸಮ್ಮ ಕಾಯಲಿಲ್ಲ. ಬಾಗಿಲು ತೆರೆದು ಇಳಿದೇಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಮುಂದೆ ಹೋಗಿ, ಕೆಂಪು ದೀಪಕ್ಕೆ ಬೆನ್ನು ಮಾಡಿ, ರೋಡ್ ರೋಲರಿನ ಮುಂದೆ ನಿಂತು ಕರೆಯುತ್ತಾರಲ್ಲ, ಹಾಗೆ ಎರಡೂ ಕೈ ಎತ್ತಿ ತನ್ನ ಕಡೆಗೆ ಬೀಸತೊಡಗಿದಳು. "ಬರ್ರಿ... ಬರ್ರಿ... ಇನ್ನಾ ಬರ್ರಿ!"

"ಏನ್ ಮಾಡಾಕತ್ತಾಳವ್ವ ಈಕಿ?" ಎಂದ ನಿಮ್ಮಪ್ಪ. "ಕೆಂಪು ಅದ!"

ಆಗ ನನಗೆ ಬಾಯಿ ಬಂತು. "ಕೆಂಪು ದಾಟು ಅಂತ ಯಾರಂದ್ರು? ಗೆರಿ ತನಕ ಹೋಗು. ಮ್ಯಾಲಿರೋ ನಿಮ್ಮಪ್ಪಗ ನಾ ಹೇಳಿಕೋತೀನಿ."

ನಿಮ್ಮಪ್ಪ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಕಾರು ಆಮೆಯ ಹಾಗೆ ಮುಂದೆ ಸರಿಯಿತು. "ಸಾಕ್!" ಎಂದು ಬಸಮ್ಮ ಅಂಗೈ ತೋರಿಸಿದಳು. ಮುಂದಿನ ಗಾಲಿ ಗೆರೆಯ ಹಿಂದೆಯೇ ನಿಂತಿತು, ಹೊಟ್ಟೆ ಸರಿಯಾಗಿ ಕಪ್ಪು ಚೌಕದ ಮೇಲೆ. ದೊಡ್ಡ ರಸ್ತೆಯ ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು, ನಮಗೆ ಹಸಿರು ಬಿತ್ತು. ಬಸಮ್ಮ ಓಡಿ ಬಂದು ಒಳಗೆ ಬೀಳುವಷ್ಟರಲ್ಲಿ ಕಾರು ಹೊರಟೇಬಿಟ್ಟಿತ್ತು, ಬಾಗಿಲು ಹಾಕಿದ್ದು ದೊಡ್ಡ ರಸ್ತೆಗೆ ತಿರುಗಿದ ಮೇಲೆ.

ಸ್ವಲ್ಪ ದೂರ ಹೋದ ಮೇಲೆ ನಿಮ್ಮಪ್ಪ ಮೆಲ್ಲಗೆ ಹೇಳಿದ: "ಇಷ್ಟು ದಿನ ಆಟೋದವರಿಗೆ ಬೈದೆ. ಅವರೇ ನನಗ ಹಸಿರು ಕೊಡಿಸಾಕತ್ತಿದ್ರು."

"ಬೈಯ್ಯೋದು ಬಿಡಬ್ಯಾಡ್ರಿ ಸಾಹೇಬ್ರ," ಎಂದಳು ಬಸಮ್ಮ. "ಇಲ್ಲಾಂದ್ರ ಅವ್ರಿಗಿ ಬ್ಯಾಸರ ಆಕ್ಕೈತಿ."

ನಾರಾಯಣಗೂಡ ತಲುಪಿದಾಗ ಗೇಟಿನ ಒಂದು ರೆಕ್ಕೆ ಆಗಲೇ ಮುಚ್ಚಿತ್ತು. ಕಾವಲಿನವನು ಇನ್ನೊಂದರ ಮೇಲೆ ಕೈಯಿಟ್ಟು "ರಂಡಿ, ರಂಡಿ, ಟೈಮ್ ಅಯಿಪೋಯಿಂದಿ" ಎಂದು ಕೂಗುತ್ತಿದ್ದ, ಬನ್ನಿ ಬನ್ನಿ, ಹೊತ್ತು ಮುಗಿಯಿತು ಅಂತ. ನಿಮ್ಮಪ್ಪ ನಮ್ಮನ್ನು ಇಳಿಸಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಮುಂದೆ ಹೋದ. ರೇಣುಕಾ ಓಡಿದಳು, ಹಿಂದೆ ಬಸಮ್ಮ ಓಡಿದಳು. ಅಲ್ಲೊಬ್ಬ ಮೇಡಂ ಹಾಲ್ ಟಿಕೆಟ್ಟು ನೋಡುತ್ತಿದ್ದರು. ನಾನು ತಾಯಿತಂದೆಯರ ಗುಂಪಿನ ಹಿಂದೆ, ಗೋಡೆಯ ಮಗ್ಗುಲಿಗೆ ಸರಿದು ನಿಂತೆ.

ಸರಿದು ನಿಂತದ್ದಕ್ಕೆ ಕಾರಣವಿದೆ, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮಜ್ಜ ಹೋದಂದಿನಿಂದ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ನಾನು ಎದುರಿಗೆ ಬರುವುದಿಲ್ಲ. ಹೀಗೆ ಮಾಡು ಎಂದು ಈ ಮನೆಯಲ್ಲಿ ಯಾರೂ ಹೇಳಿಲ್ಲ. ನಮ್ಮೂರಲ್ಲಿ ಗಂಡ ಹೋದವರು ಹಾಗೆ ಸರಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ, ನನ್ನ ಸರದಿ ಬಂದಾಗ ನಾನೂ ಸರಿದೆ. ಮೇಘಾ, ನೀನು ಶಾಲೆಯ ಭಾಷಣ ಸ್ಪರ್ಧೆಗೆ ಹೋದ ದಿನ ಅಜ್ಜಿ ಎಲ್ಲಿ ಎಂದು ಕೂಗಿದ್ದೆಯಲ್ಲ, ನಾನು ಅಡುಗೆಮನೆಯ ಬಾಗಿಲ ಹಿಂದೆಯೇ ಇದ್ದೆ.

ಬಸಮ್ಮ ಗೇಟಿನಿಂದ ತಿರುಗಿ ನೋಡಿದಳು. "ಅಮ್ಮಾರೆ! ಅಲ್ಲ್ಯಾಕ ನಿಂತ್ರಿ? ಮುಂದ ಬರ್ರಿ!"

ನಾನು ಬೇಡವೆಂದು ಕೈಯಾಡಿಸಿದೆ. ನಾನು ಎದುರಿಗೆ ಬರಬಾರದು ಎಂದು ಸನ್ನೆಯಲ್ಲಿ ಹಣೆ ಮುಟ್ಟಿ ತೋರಿಸಿದೆ. ಅವಳಿಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಸಿಟ್ಟು ಬಂತು.

"ಏನ್ರಿ, ನಿಮ್ಮನ್ನೂ ರೋಲರಿನಗತೆ ಕೈ ಮಾಡಿ ಕರೀಬೇಕೇನು?" ಎಂದವಳೇ ಅಷ್ಟು ಜನರ ನಡುವೆ ಎರಡೂ ಕೈ ಎತ್ತಿ ಬೀಸತೊಡಗಿದಳು. "ಬರ್ರಿ... ಬರ್ರಿ... ಇನ್ನಾ ಬರ್ರಿ!"

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನನಗೆ ಅಪಶಕುನದ ಹೆದರಿಕೆ ಒಂದು ಕಡೆ, ಇಷ್ಟು ಕಣ್ಣುಗಳ ಹೆದರಿಕೆ ಇನ್ನೊಂದು ಕಡೆ. ಎರಡನೆಯದೇ ಗೆದ್ದಿತು. ಹೋದೆ. ಜನ ದಾರಿ ಬಿಟ್ಟರು. ಗೇಟಿನ ಮುಂದೆ, ಹುಡುಗಿಯ ನೇರ ಎದುರಿಗೆ ಹೋಗಿ ನಿಂತೆ.

ರೇಣುಕಾಳ ಮುಖ ನನ್ನನ್ನು ಕಂಡದ್ದೇ ಅರಳಿತು. ಎರಡೂ ಕೈ ಚಾಚಿದಳು. ನನ್ನ ಕಣ್ಣು ತುಂಬಿ ಬಂತು, ಆಶೀರ್ವಾದ ಮಾಡಲು ಕೈ ಎತ್ತಬೇಕೆನ್ನುವಷ್ಟರಲ್ಲಿ ಅವಳು ಚೀರಿದಳು:

"ಅಜ್ಜೀ, ಪ್ಯಾಡು! ನನ್ನ ಪ್ಯಾಡು, ಪೆನ್ಸಿಲು!"

ನನ್ನ ಕಂಕುಳಲ್ಲಿ ಅವಳ ಬರೆಯುವ ಪ್ಯಾಡಿತ್ತು. ಅದರ ಕ್ಲಿಪ್ಪಿಗೆ ಉತ್ತರದ ಸೊನ್ನೆ ತುಂಬುವ ಎರಡು ಪೆನ್ಸಿಲುಗಳು. ಕಾರು ಹತ್ತುವಾಗ ಮಡಿಲಲ್ಲಿ ಇಟ್ಟುಕೊಂಡದ್ದು, ಮರೆತೇಬಿಟ್ಟಿದ್ದೆ. ಕಸಿದುಕೊಂಡು ಒಳಗೆ ಓಡಿದಳು. ಗೇಟು ಅವಳ ಜಡೆಯ ಹಿಂದೆಯೇ ಮುಚ್ಚಿತು.

ಕೆಟ್ಟ ಶಕುನವಾದೀತೆಂದು ಗೋಡೆಯ ಮಗ್ಗುಲಿಗೆ ಸರಿದು ನಿಂತವಳ ಕಂಕುಳಲ್ಲೇ ಆ ಹುಡುಗಿಯ ಪರೀಕ್ಷೆ ಇತ್ತು.

ಸೀಟು ಸಿಕ್ಕಿತು. ರೇಣುಕಾ ಹಾಸ್ಟೆಲಿನಲ್ಲಿದ್ದಾಳೆ, ಬಸಮ್ಮ ನಾಂದೇಡದಲ್ಲಿ ಯಾವುದೋ ರಸ್ತೆಗೆ ಏನೋ ಕಟ್ಟುತ್ತಿದ್ದಾಳೆ. ಮೇಘಾ, ಬರುವ ಮಾರ್ಚಿನಲ್ಲಿ ನಿನ್ನದೂ ಪರೀಕ್ಷೆ. ಆ ದಿನ ನಾನು ಬಾಗಿಲ ಹಿಂದೆ ಇರುವುದಿಲ್ಲ, ಗೇಟಿನ ಮುಂದೆ, ನಟ್ಟನಡುವೆ ಇರುತ್ತೇನೆ. ಕಾಲಿಗೆ ಬಿದ್ದು ಹೊತ್ತು ಕಳೆಯಬೇಡ. ನನ್ನ ಕಂಕುಳು ಮಾತ್ರ ಒಮ್ಮೆ ನೋಡಿ ಹೋಗು.